ಅಮೆರಿಕದಲ್ಲಿ ಜನಾಂಗ, ಮಿಶ್ರ ಜನಾಂಗ ಮತ್ತು ಮತದಾನ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಅಧ್ಯಕ್ಷೀಯ ಚುನಾವಣೆ ಮುಗಿದ ಮರುದಿನ ಕನ್ನಡ ಪತ್ರಿಕೆಗಳಲ್ಲಿಯೂ ಒಂದು ಕೋಷ್ಟಕ ಅಚ್ಚಾಗುತ್ತದೆ. 2024ರಲ್ಲಿ ಮತಗಟ್ಟೆ ಸಮೀಕ್ಷೆಯ ಪ್ರಕಾರ ಡೊನಾಲ್ಡ್ ಟ್ರಂಪ್ ಅವರಿಗೆ ಬಿಳಿಯರಲ್ಲಿ ಶೇ 57, ಕಪ್ಪು ಜನರಲ್ಲಿ ಶೇ 13, ಲ್ಯಾಟಿನೊಗಳಲ್ಲಿ, ಅಂದರೆ ಲ್ಯಾಟಿನ್ ಅಮೆರಿಕ ಮೂಲದವರಲ್ಲಿ, ಶೇ 46ರಷ್ಟು ಮತ ಬಂದಿತ್ತು. ಇದನ್ನು ನಾವು ನಮ್ಮ ಜಾತಿವಾರು ಮತಲೆಕ್ಕದ ಕಣ್ಣಿನಿಂದ ಓದಿ, ಅಲ್ಲಿಯೂ ಇಂಥದ್ದೇ ಮತಬ್ಯಾಂಕುಗಳಿವೆ ಎಂದುಕೊಂಡು ಪುಟ ತಿರುಗಿಸುತ್ತೇವೆ. ಆ ಕೋಷ್ಟಕದ ಮನೆಗಳನ್ನು ಯಾರು, ಯಾವಾಗ ಎಳೆದರು, ಎರಡು ಮನೆಗಳಿಗೆ ಸೇರಿದವರನ್ನು ಎಲ್ಲಿ ಕೂರಿಸಿದರು ಎಂದು ಕೇಳದೆ ಅಂಕಿಗಳನ್ನು ಮಾತ್ರ ಓದಿದರೆ ಅಮೆರಿಕದ ರಾಜಕಾರಣ ಅರ್ಥವಾಗುವುದಿಲ್ಲ ಎಂಬುದು ಈ ಬರಹದ ನಿಲುವು. ಓದುಗರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಹಿಡಿದುಕೊಂಡೇ ಅದನ್ನು ವಿವರಿಸಲು ಇಲ್ಲಿ ಪ್ರಯತ್ನಿಸಲಾಗಿದೆ.

ಅಮೆರಿಕದ ‘ಜನಾಂಗ’ ಮತ್ತು ನಮ್ಮ ‘ಜಾತಿ’ ಒಂದೇ ಬಗೆಯವೇ?

ಎರಡೂ ಹುಟ್ಟಿನಿಂದ ಅಂಟಿಕೊಳ್ಳುವಂಥವು, ಎರಡೂ ಮದುವೆ, ನೆರೆಹೊರೆ, ಕೆಲಸಗಳನ್ನು ನಿಯಂತ್ರಿಸಿದಂಥವು. ಅಷ್ಟರ ಮಟ್ಟಿಗೆ ಹೋಲಿಕೆ ನಿಜ. ಆದರೆ ಜಾತಿಗೆ ಒಳಗಿನವರೇ ಉಳಿಸಿಕೊಂಡು ಬಂದ ಹೆಸರು, ಕುಲದೈವ, ಮಠ, ಸಂಬಂಧಗಳ ಜಾಲ ಇರುತ್ತದೆ. ಅಮೆರಿಕದ ಜನಾಂಗದ ವರ್ಗಗಳನ್ನು ಬಹುಮಟ್ಟಿಗೆ ಹೊರಗಿನಿಂದ, ಸರ್ಕಾರದ ಕಾಗದದ ಮೇಲೆ, ಗುಲಾಮಗಿರಿಯನ್ನೂ ಪೌರತ್ವವನ್ನೂ ವಿಂಗಡಿಸುವ ಸಲುವಾಗಿ ಎಳೆಯಲಾಯಿತು. 1790ರ ಮೊದಲ ಜನಗಣತಿಯ ಕಲಂಗಳನ್ನು ನೋಡಿದರೆ ಸಾಕು: ಸ್ವತಂತ್ರ ಬಿಳಿ ಗಂಡಸರು, ಸ್ವತಂತ್ರ ಬಿಳಿ ಹೆಂಗಸರು, ಉಳಿದ ಸ್ವತಂತ್ರ ವ್ಯಕ್ತಿಗಳು, ಗುಲಾಮರು. ಅದೇ ವರ್ಷದ ಪೌರತ್ವ ಕಾಯ್ದೆ ‘ಸ್ವತಂತ್ರ ಬಿಳಿ ವ್ಯಕ್ತಿ’ಗೆ ಮಾತ್ರ ಪೌರತ್ವದ ಬಾಗಿಲು ತೆರೆಯಿತು.

ಜಾತಿಯ ಅನುಭವ ನಮಗೆ ಅಮೆರಿಕವನ್ನು ಅರ್ಥ ಮಾಡಿಕೊಳ್ಳಲು ಒಂದು ಮೆಟ್ಟಿಲು ಆಗಬಹುದು. ಆದರೆ ಅದೇ ಅಳತೆಗೋಲು ಆಗಬಾರದು.

ಯಾರು ಯಾವ ಜನಾಂಗದವರು ಎಂಬುದನ್ನು ನಿರ್ಧರಿಸುತ್ತಿದ್ದವರು ಯಾರು?

1960ರವರೆಗೆ, ಮುಖ್ಯವಾಗಿ, ಮನೆ ಬಾಗಿಲಿಗೆ ಬಂದ ಗಣತಿದಾರ. ಆತ ಮುಖ ನೋಡಿ ಬರೆದುಕೊಳ್ಳುತ್ತಿದ್ದ. 1850ರಿಂದ ‘ಮುಲಾಟೊ’, ಅಂದರೆ ಬಿಳಿ ಮತ್ತು ಕಪ್ಪು ಬೆರೆತವರು ಎಂಬ ಕಲಂ ಸೇರಿತು. 1890ರಲ್ಲಂತೂ ಗಣತಿದಾರರಿಗೆ ಕೊಟ್ಟ ಸೂಚನೆ ಓದಿದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ನಾಲ್ಕರಲ್ಲಿ ಮೂರು ಪಾಲಿಗಿಂತ ಕಡಿಮೆಯಿಲ್ಲದಷ್ಟು ಕಪ್ಪು ರಕ್ತವಿದ್ದರೆ ಒಂದು ಹೆಸರು, ಎಂಟರಲ್ಲಿ ಮೂರರಿಂದ ಐದು ಪಾಲು ಇದ್ದರೆ ಇನ್ನೊಂದು, ಕಾಲು ಪಾಲಿಗೆ ‘ಕ್ವಾಡ್ರೂನ್’, ಎಂಟನೇ ಒಂದು ಪಾಲು ಅಥವಾ ಕುರುಹು ಮಾತ್ರ ಇದ್ದರೆ ‘ಆಕ್ಟೊರೂನ್’. ಹೊಸ್ತಿಲಲ್ಲಿ ನಿಂತ ಒಬ್ಬ ಮನುಷ್ಯ ಒಳಗಿನ ಹೆಂಗಸಿನ ಮುಖ ನೋಡಿ ಅವಳ ಮುತ್ತಜ್ಜಿಯ ಲೆಕ್ಕ ಹಾಕಬೇಕಿತ್ತು.

ಇಷ್ಟು ಸೂಕ್ಷ್ಮವಾಗಿ ಅಳೆದ ಮೇಲೆ ಅವರು ಅಳತೆಯನ್ನೇ ಕೈಬಿಟ್ಟರು. 1930ರ ಸೂಚನೆಯಂತೆ, ಬಿಳಿ ಮತ್ತು ಕಪ್ಪು ರಕ್ತ ಬೆರೆತವರನ್ನು, ಕಪ್ಪು ಪಾಲು ಎಷ್ಟೇ ಸಣ್ಣದಿರಲಿ, ಕಪ್ಪು ಜನಾಂಗದವರೆಂದೇ ಬರೆಯಬೇಕಾಯಿತು. ಇದನ್ನೇ ‘ಒಂದು ಹನಿಯ ನಿಯಮ’ ಎನ್ನುವುದು. ದಕ್ಷಿಣದ ಹಲವು ರಾಜ್ಯಗಳ ಕಾನೂನಿನಲ್ಲಿ ಅದು ಆಗಲೇ ಬೇರೂರಿತ್ತು. ವರ್ಜೀನಿಯಾದ 1924ರ ಕಾಯ್ದೆ ಒಂದು ಹನಿಯನ್ನೂ ಒಪ್ಪದೆ, ಒಂದು ಕಿರುದಾರಿಯನ್ನು ಮಾತ್ರ ಬಿಟ್ಟಿತು: ಹದಿನಾರನೇ ಒಂದು ಪಾಲು ಅಥವಾ ಅದಕ್ಕಿಂತ ಕಡಿಮೆ ಮೂಲನಿವಾಸಿ ರಕ್ತವಿದ್ದವರು ಬಿಳಿಯರಾಗಿಯೇ ಉಳಿಯಬಹುದು. ಮೂಲನಿವಾಸಿ ನಾಯಕನ ಮಗಳಾದ ಪೊಕಹಾಂಟಸ್‌ಳ ವಂಶದವರೆಂದು ಹೆಮ್ಮೆಪಡುತ್ತಿದ್ದ ವರ್ಜೀನಿಯಾದ ಗಣ್ಯ ಮನೆತನಗಳನ್ನು ಕಾಪಾಡಲು ಮಾಡಿದ ವಿನಾಯಿತಿ ಅದು. ರಕ್ತದ ಶಾಸ್ತ್ರ ಎಂದು ಕರೆಸಿಕೊಂಡದ್ದು ಅಧಿಕಾರ ಉಳ್ಳವರ ಅನುಕೂಲಕ್ಕೆ ಹೇಗೆ ಬಾಗುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

ಹಾಗಾದರೆ ಭಾರತೀಯರನ್ನು ಯಾವ ಜನಾಂಗವೆಂದು ಬರೆದರು?

1920, 1930 ಮತ್ತು 1940ರ ಗಣತಿಗಳಲ್ಲಿ ‘ಹಿಂದೂ’ ಎಂಬುದು ಒಂದು ಜನಾಂಗದ ಹೆಸರಾಗಿತ್ತು. ಆಗ ಅಮೆರಿಕದಲ್ಲಿದ್ದ ಭಾರತೀಯರಲ್ಲಿ ಬಹುಪಾಲು ಪಂಜಾಬಿನ ಸಿಖ್ಖರು. ಅವರನ್ನೂ ಮುಸ್ಲಿಮರನ್ನೂ ಅದೇ ಕಲಮಿನಲ್ಲಿ ತುಂಬಿದರು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದ ಭಗತ್ ಸಿಂಗ್ ಥಿಂಡ್ ಪೌರತ್ವ ಕೇಳಿದಾಗ, ಅಂದಿನ ಮಾನವಶಾಸ್ತ್ರದ ವರ್ಗೀಕರಣದಂತೆ ಉತ್ತರ ಭಾರತದವರು ‘ಕಕೇಶಿಯನ್’ ಎಂದು ವಾದಿಸಿದ್ದರು. ಶಾಸ್ತ್ರ ಏನೇ ಹೇಳಲಿ, ಸಾಮಾನ್ಯ ಮನುಷ್ಯನ ತಿಳಿವಳಿಕೆಯಲ್ಲಿ ಇವರು ಬಿಳಿಯರಲ್ಲ ಎಂದು ಸುಪ್ರೀಂ ಕೋರ್ಟ್ 1923ರಲ್ಲಿ ತೀರ್ಪಿತ್ತಿತು. ಅದಕ್ಕೂ ಮೊದಲು ಪೌರತ್ವ ಪಡೆದಿದ್ದ ಹಲವರು ಅದನ್ನು ಕಳೆದುಕೊಂಡರು. ಭಾರತೀಯರಿಗೆ ಪೌರತ್ವದ ಹಕ್ಕು ದೊರೆತದ್ದು 1946ರಲ್ಲಿ, ‘ಏಷ್ಯನ್ ಇಂಡಿಯನ್’ ಎಂಬ ಪ್ರತ್ಯೇಕ ಚೌಕ ಗಣತಿಯಲ್ಲಿ ಬಂದದ್ದು 1980ರಲ್ಲಿ.

ಕಪ್ಪು ಮತ್ತು ಬಿಳಿ ಎಂಬ ಎರಡೇ ಮನೆಗಳ ಊರಿನಲ್ಲಿ ಮೂರನೆಯವರ ಪಾಡು ಏನಾಗುತ್ತಿತ್ತು ಎಂಬುದನ್ನು ದಕ್ಷಿಣ ಕೆರೊಲಿನಾದ ರಾಜ್ಯಪಾಲರಾಗಿದ್ದ ನಿಕ್ಕಿ ಹೇಲಿ ತಮ್ಮ ಬಾಲ್ಯದ ಒಂದು ಘಟನೆಯ ಮೂಲಕ ಹೇಳಿಕೊಂಡಿದ್ದಾರೆ. ಬ್ಯಾಂಬರ್ಗ್ ಎಂಬ ಅವರ ಸಣ್ಣ ಊರಿನ ಬಾಲಕಿಯರ ಸೌಂದರ್ಯ ಸ್ಪರ್ಧೆಯಲ್ಲಿ ಒಬ್ಬ ಕಪ್ಪು ರಾಣಿ, ಒಬ್ಬ ಬಿಳಿ ರಾಣಿ ಎಂದು ಇಬ್ಬರನ್ನು ಆರಿಸುವ ರೂಢಿಯಿತ್ತು. ಸಿಖ್ ಮನೆತನದ ಹೇಲಿ ಮತ್ತು ಅವರ ಸೋದರಿಯನ್ನು ಯಾವ ಕಡೆ ನಿಲ್ಲಿಸಬೇಕೆಂದು ತಿಳಿಯದೆ ಸ್ಪರ್ಧೆಯಿಂದಲೇ ಹೊರಗಿಟ್ಟರು.

ಒಂದಕ್ಕಿಂತ ಹೆಚ್ಚು ಜನಾಂಗ ಗುರುತಿಸಲು ಅವಕಾಶ ಯಾವಾಗ ಬಂತು?

2000ನೇ ಇಸವಿಯ ಗಣತಿಯಲ್ಲಿ. ಅದರ ಹಿಂದೆ ಎರಡು ಕಥೆಗಳಿವೆ. ಮೊದಲನೆಯದು ಮದುವೆಯದು. ಬಿಳಿಯ ರಿಚರ್ಡ್ ಲವಿಂಗ್ ಮತ್ತು ಕಪ್ಪು ಹಾಗೂ ಮೂಲನಿವಾಸಿ ಮೂಲದ ಮಿಲ್ಡ್ರೆಡ್ 1958ರಲ್ಲಿ ವಾಷಿಂಗ್ಟನ್ ನಗರಕ್ಕೆ ಹೋಗಿ ಮದುವೆಯಾಗಿ ವರ್ಜೀನಿಯಾಕ್ಕೆ ಮರಳಿದರು. ಕೆಲವು ವಾರಗಳಲ್ಲಿ ಷೆರಿಫ್ ರಾತ್ರಿ ಅವರ ಮಲಗುವ ಕೋಣೆಗೇ ನುಗ್ಗಿ ಬಂಧಿಸಿದ. ಅಂತರ್ಜನಾಂಗೀಯ ಮದುವೆಯ ನಿಷೇಧ ಸಂವಿಧಾನಬಾಹಿರ ಎಂದು 1967ರ ಜೂನ್ 12ರಂದು ಸುಪ್ರೀಂ ಕೋರ್ಟ್ ಹೇಳುವ ಹೊತ್ತಿಗೆ ಹದಿನಾರು ರಾಜ್ಯಗಳಲ್ಲಿ ಅಂಥ ಕಾನೂನು ಇನ್ನೂ ಇತ್ತು. ಆ ವರ್ಷದ ಹೊಸ ದಂಪತಿಗಳಲ್ಲಿ ಶೇ 3ರಷ್ಟು ಮಂದಿ ಬೇರೆ ಜನಾಂಗದವರನ್ನು ಮದುವೆಯಾಗಿದ್ದರೆ, 2015ರ ವೇಳೆಗೆ ಅದು ಶೇ 17 ಆಯಿತು.

ಎರಡನೆಯ ಕಥೆ ರಾಜಕಾರಣದ್ದು, ಅದು ಇಲ್ಲಿ ಹೆಚ್ಚು ಮುಖ್ಯ. ಈ ದಂಪತಿಗಳ ಮಕ್ಕಳು ಶಾಲೆ ಸೇರಿದಾಗ, ನಮೂನೆಯಲ್ಲಿ ಅಮ್ಮನನ್ನೋ ಅಪ್ಪನನ್ನೋ ಬಿಟ್ಟುಕೊಡಬೇಕಾದ ಸ್ಥಿತಿಯನ್ನು ವಿರೋಧಿಸಿ ತಾಯಂದಿರು 1990ರ ದಶಕದಲ್ಲಿ ಚಳವಳಿ ಕಟ್ಟಿದರು. ‘ಬಹುಜನಾಂಗೀಯ’ ಎಂಬ ಪ್ರತ್ಯೇಕ ಚೌಕ ಬೇಕೆಂದು ಅವರು ಕೇಳಿದಾಗ, ರಿಪಬ್ಲಿಕನ್ ನಾಯಕ ನ್ಯೂಟ್ ಗಿಂಗ್ರಿಚ್ ಬೆಂಬಲಿಸಿದರು. ಕಪ್ಪು ಜನರ ಹಕ್ಕುಗಳಿಗೆ ದಶಕಗಳಿಂದ ಹೋರಾಡಿದ ಸಂಘಟನೆಗಳು ವಿರೋಧಿಸಿದವು. ಮೇಲುನೋಟಕ್ಕೆ ಇದು ತಲೆಕೆಳಗಾಗಿ ಕಾಣುತ್ತದೆ. ಆದರೆ ತಾರತಮ್ಯ ವಿರೋಧಿ ಕಾನೂನುಗಳೆಲ್ಲ ತಲೆಯೆಣಿಕೆಯ ಮೇಲೆ ನಿಂತಿದ್ದವು. ಒಂದು ಹನಿಯ ನಿಯಮದಿಂದ ಕಪ್ಪು ಮನೆಗೆ ತಳ್ಳಲ್ಪಟ್ಟವರು ಹೊಸ ಚೌಕಕ್ಕೆ ಹೊರಟರೆ ಆ ಎಣಿಕೆ ಕುಗ್ಗುತ್ತದೆ ಎಂಬ ಆತಂಕ ನ್ಯಾಯವಾದದ್ದೇ ಆಗಿತ್ತು. ತಾಯಂದಿರ ನೋವೂ ಅಷ್ಟೇ ನ್ಯಾಯವಾದದ್ದು. 1997ರಲ್ಲಿ ಸರ್ಕಾರ ಮಧ್ಯದ ದಾರಿ ಹಿಡಿಯಿತು: ಹೊಸ ಚೌಕವಿಲ್ಲ, ಆದರೆ ಇರುವ ಚೌಕಗಳಲ್ಲಿ ಎಷ್ಟನ್ನಾದರೂ ಗುರುತಿಸಬಹುದು.

2010 ಮತ್ತು 2020ರ ನಡುವೆ ಮಿಶ್ರ ಜನಾಂಗದವರು ಸುಮಾರು ನಾಲ್ಕು ಪಟ್ಟು ಆದರೆಂಬುದು ನಿಜವೇ?

ಅಂಕಿ ನಿಜ, ಅರ್ಥ ಬೇರೆ. ಒಂದಕ್ಕಿಂತ ಹೆಚ್ಚು ಜನಾಂಗ ಗುರುತಿಸಿದವರು 2000ರಲ್ಲಿ 68 ಲಕ್ಷ, 2010ರಲ್ಲಿ 90 ಲಕ್ಷ, 2020ರಲ್ಲಿ 3 ಕೋಟಿ 38 ಲಕ್ಷ. ಹತ್ತು ವರ್ಷಗಳಲ್ಲಿ ಅಷ್ಟು ಮಕ್ಕಳು ಹುಟ್ಟಲು ಸಾಧ್ಯವಿಲ್ಲ. 2020ರ ನಮೂನೆಯಲ್ಲಿ ಬಿಳಿ, ಕಪ್ಪು ಚೌಕಗಳ ಕೆಳಗೂ ಮೂಲವನ್ನು ಬರೆಯಲು ಹೊಸದಾಗಿ ಗೆರೆ ಕೊಟ್ಟರು ಮತ್ತು ಬರೆದದ್ದನ್ನು ಸಂಕೇತಗಳಾಗಿ ವಿಂಗಡಿಸುವ ಕ್ರಮವನ್ನು ಬದಲಿಸಿದರು. ಹೀಗಾಗಿ ಬಿಳಿ ಎಂಬ ಚೌಕ ಗುರುತಿಸಿ ಕೆಳಗೆ ‘ಮೆಕ್ಸಿಕನ್’ ಎಂದು ಬರೆದವರು ‘ಬಿಳಿ’ ಮತ್ತು ‘ಇತರೆ ಜನಾಂಗ’ ಎರಡಕ್ಕೂ ಸೇರಿ ಮಿಶ್ರ ಜನಾಂಗದವರಾದರು. ಲ್ಯಾಟಿನೊಗಳಲ್ಲಿ ಮಾತ್ರವೇ ಮಿಶ್ರರ ಸಂಖ್ಯೆ 30 ಲಕ್ಷದಿಂದ 2 ಕೋಟಿ ದಾಟಿತು. ಗಣತಿ ಇಲಾಖೆಯೇ ಈ ಏರಿಕೆಯಲ್ಲಿ ನಮೂನೆಯ ಬದಲಾವಣೆಯ ಪಾತ್ರ ದೊಡ್ಡದೆಂದು ಎಚ್ಚರಿಸಿದೆ. 2024ರ ಮಾರ್ಚ್‌ನಲ್ಲಿ ನಿಯಮ ಮತ್ತೊಮ್ಮೆ ಬದಲಾಗಿ, ಲ್ಯಾಟಿನೊ ಎಂಬುದನ್ನು ಜನಾಂಗದ ಪ್ರಶ್ನೆಯೊಳಗೇ ತರಲಾಯಿತು, ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾ ಮೂಲದವರಿಗೂ ಚೌಕ ಸೇರಿತು.

ಮತದಾನ ಗುಪ್ತವಲ್ಲವೇ? ಯಾವ ಜನಾಂಗದವರು ಯಾರಿಗೆ ಮತ ಹಾಕಿದರೆಂದು ಹೇಗೆ ತಿಳಿಯುತ್ತದೆ?

ಮತದಾನ ಗುಪ್ತವೇ. ನಾವು ಓದುವ ಅಂಕಿಗಳೆಲ್ಲವೂ ಅಂದಾಜುಗಳು. ಮತಗಟ್ಟೆಯಿಂದ ಹೊರಬಂದವರನ್ನು ಅಲ್ಲಿಯೇ, ಅಂಚೆಯಲ್ಲಿ ಮತ ಕಳಿಸಿದವರನ್ನು ಫೋನಿನಲ್ಲಿ ಕೇಳಿ ಮಾಡುವ ಸಮೀಕ್ಷೆ ಒಂದು ಬಗೆ. ಚುನಾವಣೆಯ ನಂತರ, ಉತ್ತರ ಕೊಟ್ಟವರು ನಿಜವಾಗಿ ಮತ ಹಾಕಿದ್ದರೇ ಎಂದು ಮತದಾರರ ದಾಖಲೆಯೊಂದಿಗೆ ತಾಳೆ ನೋಡಿ ಮಾಡುವ ಸಮೀಕ್ಷೆ ಇನ್ನೊಂದು ಬಗೆ. ಪ್ಯೂ ಸಂಶೋಧನಾ ಕೇಂದ್ರದ ಸಮೀಕ್ಷೆ ಇಂಥದ್ದು, ನನ್ನ ಮಟ್ಟಿಗೆ ಇದು ಹೆಚ್ಚು ನಂಬಲರ್ಹ. ಫ್ಲಾರಿಡಾ, ಜಾರ್ಜಿಯಾ, ಉತ್ತರ ಕೆರೊಲಿನಾದಂಥ ಕೆಲವು ದಕ್ಷಿಣದ ರಾಜ್ಯಗಳಲ್ಲಿ ಮತದಾರರ ನೋಂದಣಿಯಲ್ಲಿಯೇ ಜನಾಂಗವನ್ನು ಕೇಳುತ್ತಾರೆ. ಉಳಿದ ಕಡೆ ವಿಶ್ಲೇಷಕರು ಅಡ್ಡಹೆಸರು ಮತ್ತು ವಾಸದ ಬೀದಿಯನ್ನು ಹಿಡಿದು ಊಹಿಸುತ್ತಾರೆ. ಮಿಶ್ರ ಜನಾಂಗದವರ ವಿಷಯದಲ್ಲಿ ಈ ಊಹೆ ಹೆಚ್ಚಾಗಿ ತಪ್ಪುತ್ತದೆ, ಏಕೆಂದರೆ ಅಡ್ಡಹೆಸರು ಸಾಮಾನ್ಯವಾಗಿ ಅಪ್ಪನ ಕಡೆಯಿಂದ ಮಾತ್ರ ಬರುತ್ತದೆ.

ಕಪ್ಪು ಜನ ಇಷ್ಟು ಒಗ್ಗಟ್ಟಾಗಿ ಡೆಮಾಕ್ರಟಿಕ್ ಪಕ್ಷಕ್ಕೆ ಮತ ಹಾಕುವುದು ಏಕೆ?

ಮೊದಲು ಅವರು ಅಷ್ಟೇ ಒಗ್ಗಟ್ಟಾಗಿ ರಿಪಬ್ಲಿಕನ್ ಪಕ್ಷಕ್ಕೆ ಮತ ಹಾಕುತ್ತಿದ್ದರು. ಗುಲಾಮಗಿರಿಯನ್ನು ಕೊನೆಗೊಳಿಸಿದ ಲಿಂಕನ್ನರ ಪಕ್ಷ ಅದು. 1870ರ ಹದಿನೈದನೇ ತಿದ್ದುಪಡಿ ಮತದಾನಕ್ಕೆ ಜನಾಂಗ ಅಡ್ಡಿಯಾಗಬಾರದೆಂದು ಬರೆದದ್ದೂ ಅದೇ ಪಕ್ಷದ ಕಾಲದಲ್ಲಿ. ದಕ್ಷಿಣದ ಡೆಮಾಕ್ರಟಿಕ್ ಪಕ್ಷ ಆಗ ಬಿಳಿಯರ ಪ್ರಭುತ್ವದ ಪಕ್ಷ. ಓದುಬರಹದ ಪರೀಕ್ಷೆ, ಮತ ತೆರಿಗೆ, 1944ರಲ್ಲಿ ಸುಪ್ರೀಂ ಕೋರ್ಟ್ ತಡೆಯುವವರೆಗೂ ನಡೆದ ಬಿಳಿಯರಷ್ಟೇ ಮತ ಹಾಕುವ ಪ್ರಾಥಮಿಕ ಚುನಾವಣೆ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆ), ಇವುಗಳಿಂದ ಕಾಗದದ ಮೇಲಿನ ಹಕ್ಕನ್ನು ನೆಲದ ಮೇಲೆ ಇಲ್ಲವಾಗಿಸಿದವರು ಆ ಪಕ್ಷದವರೇ.

ಬದಲಾವಣೆ ಆರಂಭವಾದದ್ದು 1930ರ ದಶಕದಲ್ಲಿ. ಉತ್ತರದ ಕೈಗಾರಿಕಾ ನಗರಗಳಿಗೆ ವಲಸೆ ಬಂದು ಅಲ್ಲಿ ಮತದ ಹಕ್ಕು ಪಡೆದ ಕಪ್ಪು ಜನ, ಮಹಾ ಆರ್ಥಿಕ ಕುಸಿತದ ಹೊತ್ತಿನಲ್ಲಿ ಡೆಮಾಕ್ರಟಿಕ್ ಅಧ್ಯಕ್ಷ ರೂಸ್‌ವೆಲ್ಟ್ ಕೊಟ್ಟ ಕೆಲಸ ಮತ್ತು ನೆರವನ್ನು ನೋಡಿ 1936ರಲ್ಲಿ ಬಹುಸಂಖ್ಯೆಯಲ್ಲಿ ಅವರ ಕಡೆ ತಿರುಗಿದರು. ಆದರೂ 1960ರಲ್ಲಿ ರಿಪಬ್ಲಿಕನ್ ಅಭ್ಯರ್ಥಿ ನಿಕ್ಸನ್‌ಗೆ ಸುಮಾರು ಮೂರನೇ ಒಂದು ಪಾಲು ಕಪ್ಪು ಮತ ಬಿದ್ದಿತ್ತು. ಆ ಅಕ್ಟೋಬರ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಜಾರ್ಜಿಯಾದ ಜೈಲಿನಲ್ಲಿದ್ದಾಗ ಡೆಮಾಕ್ರಟಿಕ್ ಅಭ್ಯರ್ಥಿ ಜಾನ್ ಕೆನಡಿ, ಕಿಂಗ್ ಅವರ ಪತ್ನಿ ಕೊರೆಟಾಗೆ ಫೋನು ಮಾಡಿ ಸಮಾಧಾನ ಹೇಳಿದ್ದು ಕಪ್ಪು ಚರ್ಚುಗಳಲ್ಲಿ ದೊಡ್ಡ ಸುದ್ದಿಯಾಯಿತು. ನಿರ್ಣಾಯಕ ಕ್ಷಣ 1964: ಡೆಮಾಕ್ರಟಿಕ್ ಅಧ್ಯಕ್ಷ ಜಾನ್ಸನ್ ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಹಾಕಿದರು, ರಿಪಬ್ಲಿಕನ್ ಅಭ್ಯರ್ಥಿ ಗೋಲ್ಡ್‌ವಾಟರ್ ಅದರ ವಿರುದ್ಧ ಮತ ಹಾಕಿದ್ದರು. ಮರುವರ್ಷ ಮಾರ್ಚ್ 7ರಂದು ಅಲಬಾಮಾ ರಾಜ್ಯದ ಸೆಲ್ಮಾದ ಸೇತುವೆಯ ಮೇಲೆ ಮತದ ಹಕ್ಕಿಗಾಗಿ ಶಾಂತವಾಗಿ ನಡೆದು ಬಂದವರನ್ನು ಪೊಲೀಸರು ಲಾಠಿಯಿಂದ ಬಡಿದದ್ದನ್ನು ಟಿವಿಯಲ್ಲಿ ದೇಶವೇ ನೋಡಿತು, ಆಗಸ್ಟ್ 6ರಂದು ಮತದಾನದ ಹಕ್ಕುಗಳ ಕಾಯ್ದೆ ಜಾರಿಗೆ ಬಂತು. ಅದಕ್ಕೂ ಮೊದಲು ಮಿಸಿಸಿಪಿಯಲ್ಲಿ ನೂರು ಕಪ್ಪು ವಯಸ್ಕರಲ್ಲಿ ಏಳು ಮಂದಿಯ ಹೆಸರೂ ಮತದಾರರ ಪಟ್ಟಿಯಲ್ಲಿರಲಿಲ್ಲ. 1967ರ ವೇಳೆಗೆ ಸುಮಾರು 60 ಮಂದಿಯ ಹೆಸರಿತ್ತು.

ಈ ನೆನಪು ಇನ್ನೂ ಬದುಕಿರುವ ಅಜ್ಜ ಅಜ್ಜಿಯರದ್ದು. ಒಂದೇ ಬಗೆಯ ಅನ್ಯಾಯ ಉಂಡವರು, ಒಂದೇ ಕೇರಿಗಳಲ್ಲಿ ಬದುಕಲು ಒತ್ತಾಯಿಸಲ್ಪಟ್ಟವರು, ಒಂದೇ ಚರ್ಚಿನಲ್ಲಿ ಕೂರುವವರು, ತಮ್ಮವರಿಗೆ ಆಗುವುದು ತಮಗೂ ಆಗುತ್ತದೆ ಎಂದು ನಂಬುವುದು ಸಹಜ. ಅದನ್ನು ಕುರುಡು ನಿಷ್ಠೆ ಎನ್ನುವುದು ಅವಮಾನ. ಅದು ಅನುಭವದಿಂದ ಕಲಿತ ಲೆಕ್ಕ. ಆ ಲೆಕ್ಕ ಸಡಿಲವಾಗುತ್ತಲೂ ಇದೆ: ಪ್ಯೂ ಪ್ರಕಾರ ಟ್ರಂಪ್ ಅವರಿಗೆ ಬಿದ್ದ ಕಪ್ಪು ಮತ 2020ರ ಶೇ 8ರಿಂದ 2024ರಲ್ಲಿ ಶೇ 15ಕ್ಕೆ ಏರಿತು.

ಬಿಳಿಯರೂ ಒಂದು ಮತಬ್ಯಾಂಕೇ?

1964ರ ಜಾನ್ಸನ್ ನಂತರ ಯಾವ ಡೆಮಾಕ್ರಟಿಕ್ ಅಭ್ಯರ್ಥಿಗೂ ಅಧ್ಯಕ್ಷೀಯ ಚುನಾವಣೆಯಲ್ಲಿ ಬಿಳಿಯರ ಬಹುಮತ ಸಿಕ್ಕಿಲ್ಲ. ಕ್ಲಿಂಟನ್‌ಗೂ ಇಲ್ಲ, ಒಬಾಮಾಗೂ ಇಲ್ಲ. ಆದರೆ ಬಿಳಿಯರೊಳಗೆ ಕಾಲೇಜು ಪದವಿ ಪಡೆದವರು ಮತ್ತು ಪಡೆಯದವರ ನಡುವೆ ಕಂದಕವೇ ಇದೆ, ಅದಕ್ಕಿಂತ ಆಳವಾದದ್ದು ಇವ್ಯಾಂಜೆಲಿಕಲ್ ಕ್ರೈಸ್ತರು ಮತ್ತು ಧರ್ಮ ಪಾಲಿಸದವರ ನಡುವೆ. ಕಪ್ಪು ಜನರ ಮತವನ್ನು ‘ಜನಾಂಗದ ಮತ’ ಎಂದು ಕರೆದು, ಬಿಳಿಯರ ಮತವನ್ನು ಸುಮ್ಮನೆ ‘ಮತ’ ಎಂದು ಕರೆಯುವ ರೂಢಿಯನ್ನು ನಮ್ಮ ಪತ್ರಿಕೆಗಳಾದರೂ ಬಿಡಬೇಕು.

ಲ್ಯಾಟಿನೊಗಳಲ್ಲಿ ಅಷ್ಟು ಮಂದಿ 2024ರಲ್ಲಿ ಟ್ರಂಪ್ ಕಡೆ ಏಕೆ ತಿರುಗಿದರು?

ಟೆಕ್ಸಸ್‌ನ ದಕ್ಷಿಣದ ತುದಿಯಲ್ಲಿ, ರಿಯೊ ಗ್ರಾಂಡೆ ನದಿಯ ದಂಡೆಯ ಮೇಲೆ ಸ್ಟಾರ್ ಕೌಂಟಿ ಎಂಬ ಜಿಲ್ಲೆಯಿದೆ. ಅಲ್ಲಿನ ನೂರರಲ್ಲಿ ಸುಮಾರು 97 ಮಂದಿ ಮೆಕ್ಸಿಕೊ ಮೂಲದ ಲ್ಯಾಟಿನೊಗಳು. ನದಿಯ ಆಚೆ ಕಾಣುವುದೇ ಮೆಕ್ಸಿಕೊ. 2016ರಲ್ಲಿ ಹಿಲರಿ ಕ್ಲಿಂಟನ್‌ಗೆ ಅಲ್ಲಿ ಶೇ 79ರಷ್ಟು ಮತ ಬಂದಿತ್ತು. ಎಂಟು ವರ್ಷಗಳ ನಂತರ ಟ್ರಂಪ್ ಸುಮಾರು ಶೇ 58ರಷ್ಟು ಮತ ಪಡೆದು ಗೆದ್ದರು. ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಯಾವ ರಿಪಬ್ಲಿಕನ್ ಅಭ್ಯರ್ಥಿಯೂ ಗೆಲ್ಲದ ಜಿಲ್ಲೆ ಅದು. ಅಲ್ಲಿನ ಗಂಡಸರಲ್ಲಿ ಅನೇಕರು ತೈಲದ ಬಾವಿಗಳಲ್ಲಿ, ಗಡಿ ಕಾವಲು ಪಡೆಯಲ್ಲಿ ದುಡಿಯುವವರು. ಕುಟುಂಬಗಳು ಹಲವು ತಲೆಮಾರುಗಳಿಂದ ಅಲ್ಲಿಯೇ ನೆಲೆಸಿದಂಥವು. ದಿನಸಿಯ ಬೆಲೆ ಏರಿದ್ದು, ಗಡಿಯ ಗೊಂದಲ, ಇವು ಅವರಿಗೆ ಮನೆಯ ಬಾಗಿಲಿನ ಮಾತುಗಳಾಗಿದ್ದವು.

‘ಲ್ಯಾಟಿನೊ’ ಎಂಬುದು ಅವರೆಲ್ಲರನ್ನೂ ಒಂದೇ ಚೀಲಕ್ಕೆ ತುಂಬುವ ಹೆಸರು. ಕ್ಯಾಸ್ಟ್ರೊ ಆಡಳಿತದಿಂದ ಓಡಿಬಂದ ಮಯಾಮಿಯ ಕ್ಯೂಬನ್ನರು ಬಹುಕಾಲದಿಂದ ರಿಪಬ್ಲಿಕನ್ ಪಕ್ಷದ ಕಡೆ. ನ್ಯೂಯಾರ್ಕಿನ ಪೋರ್ಟೊ ರಿಕೊ ಮೂಲದವರು ಹುಟ್ಟಿನಿಂದಲೇ ಅಮೆರಿಕದ ಪೌರರು, ವಲಸೆಯ ಕಾನೂನು ಅವರ ಮನೆಯ ಸಮಸ್ಯೆಯಲ್ಲ. ಇವರೆಲ್ಲರೂ ಒಟ್ಟಾಗಿ ಒಂದು ಕಡೆ ವಾಲುತ್ತಾರೆಂದು ನಂಬಿದ್ದು ಡೆಮಾಕ್ರಟಿಕ್ ಪಕ್ಷದ ತಪ್ಪು ಎಣಿಕೆ.

ಮಿಶ್ರ ಜನಾಂಗದವರು ಯಾರಿಗೆ ಮತ ಹಾಕುತ್ತಾರೆ?

ಒಂದೇ ವಾಕ್ಯದ ಉತ್ತರ ಕೊಡುವವರನ್ನು ನಂಬಬೇಡಿ. ಮತಗಟ್ಟೆ ಸಮೀಕ್ಷೆಗಳು ಅವರನ್ನು ಹೆಚ್ಚಾಗಿ ‘ಇತರೆ’ ಎಂಬ ಸಾಲಿನಲ್ಲಿ ಸೇರಿಸಿಬಿಡುತ್ತವೆ. ಪ್ಯೂ 2015ರಲ್ಲಿ ತಂದೆತಾಯಿ, ಅಜ್ಜ ಅಜ್ಜಿಯರ ಜನಾಂಗವನ್ನೂ ಕೇಳಿ ಎಣಿಸಿದಾಗ ವಯಸ್ಕರಲ್ಲಿ ಶೇ 6.9ರಷ್ಟು ಮಂದಿ ಮಿಶ್ರ ಹಿನ್ನೆಲೆಯವರೆಂದು ಕಂಡುಬಂತು. ಆದರೆ ಅವರಲ್ಲಿ ಶೇ 61ರಷ್ಟು ಮಂದಿ ತಮ್ಮನ್ನು ಮಿಶ್ರ ಜನಾಂಗದವರೆಂದು ಭಾವಿಸಿಯೇ ಇರಲಿಲ್ಲ. ರಕ್ತದ ಲೆಕ್ಕಕ್ಕೂ ಮನಸ್ಸಿನ ಲೆಕ್ಕಕ್ಕೂ ಇರುವ ಈ ಅಂತರವೇ ಇಡೀ ವಿಷಯದ ತಿರುಳು.

ಒಳಗೆ ಇಣುಕಿದರೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಆ ಮಿಶ್ರರಲ್ಲಿ ಅರ್ಧದಷ್ಟು ಮಂದಿ ಬಿಳಿ ಮತ್ತು ಮೂಲನಿವಾಸಿ ಹಿನ್ನೆಲೆಯವರು. ಅವರನ್ನು ಬೀದಿಯಲ್ಲಿ ನೋಡಿದವರು ಬಹುಮಟ್ಟಿಗೆ ಬಿಳಿಯರೆಂದೇ ತಿಳಿಯುತ್ತಾರೆ, ಅವರ ರಾಜಕೀಯ ಒಲವೂ ನೆರೆಯ ಬಿಳಿಯರಂತೆ ರಿಪಬ್ಲಿಕನ್ ಕಡೆ ವಾಲುತ್ತದೆ. ಬಿಳಿ ಮತ್ತು ಕಪ್ಪು ಹಿನ್ನೆಲೆಯವರು ಡೆಮಾಕ್ರಟಿಕ್ ಪಕ್ಷದ ಕಡೆ ಬಲವಾಗಿ ನಿಲ್ಲುತ್ತಾರೆ, ಏಕೆಂದರೆ ಪೊಲೀಸ್ ಕಾರು ನಿಲ್ಲಿಸಿದಾಗ, ಅಂಗಡಿಯಲ್ಲಿ ಕಾವಲುಗಾರ ಹಿಂಬಾಲಿಸಿದಾಗ, ಅವರ ಬಿಳಿ ಅಜ್ಜಿ ಲೆಕ್ಕಕ್ಕೆ ಬರುವುದಿಲ್ಲ. ಯಾವ ಎರಡು ಜನಾಂಗಗಳು ಕೂಡಿದವು ಎನ್ನುವುದಕ್ಕಿಂತ, ಲೋಕ ಅವರನ್ನು ಹೇಗೆ ನಡೆಸಿಕೊಂಡಿತು, ಅವರು ಯಾರ ನಡುವೆ ಬೆಳೆದರು ಎನ್ನುವುದು ಮತದಲ್ಲಿ ಕಾಣುತ್ತದೆ.

ಒಬಾಮಾ ಮತ್ತು ಕಮಲಾ ಹ್ಯಾರಿಸ್ ಮಿಶ್ರ ಜನಾಂಗದವರಾದರೂ ತಮ್ಮನ್ನು ಕಪ್ಪು ಜನಾಂಗದವರೆಂದು ಕರೆದುಕೊಂಡದ್ದು ಏಕೆ?

ಕ್ಯಾನ್ಸಸ್‌ನ ಬಿಳಿ ತಾಯಿ ಮತ್ತು ಕೆನ್ಯಾದ ತಂದೆಯ ಮಗನಾದ ಒಬಾಮಾ, 2010ರ ಗಣತಿಯಲ್ಲಿ ಒಂದಕ್ಕಿಂತ ಹೆಚ್ಚು ಚೌಕ ಗುರುತಿಸುವ ಅವಕಾಶವಿದ್ದರೂ ಕಪ್ಪು ಎಂಬ ಒಂದೇ ಚೌಕವನ್ನು ಗುರುತಿಸಿದರು. ಕೆಲವರು ಇದನ್ನು ತಾಯಿಗೆ ಮಾಡಿದ ಅನ್ಯಾಯ ಎಂದರು. ಆದರೆ ತನ್ನನ್ನು ಬೆಳೆಸಿದ ಬಿಳಿ ಅಜ್ಜ ಅಜ್ಜಿಯರ ಬಗ್ಗೆ ಅವರು ಪ್ರೀತಿಯಿಂದ ಮಾತಾಡಿದ್ದಾರೆ, ಬರೆದಿದ್ದಾರೆ. ಅಮೆರಿಕದ ಬೀದಿಯಲ್ಲಿ ತನ್ನನ್ನು ಜನ ಹೇಗೆ ಕಂಡರೋ ಆ ಗುರುತನ್ನು ಅವರು ತಮ್ಮದಾಗಿಸಿಕೊಂಡರು ಎಂದು ನಾನು ಓದಿಕೊಳ್ಳುತ್ತೇನೆ.

ಕಮಲಾ ಅವರ ತಾಯಿ ಶ್ಯಾಮಲಾ ಗೋಪಾಲನ್ ಹತ್ತೊಂಬತ್ತರ ಪ್ರಾಯದಲ್ಲಿ, 1958ರಲ್ಲಿ, ಬರ್ಕ್ಲಿಗೆ ಓದಲು ಹೋದ ತಮಿಳು ಹೆಣ್ಣುಮಗಳು. ತಂದೆ ಡೊನಾಲ್ಡ್ ಹ್ಯಾರಿಸ್ ಜಮೈಕಾದ ಅರ್ಥಶಾಸ್ತ್ರಜ್ಞ. ಇಬ್ಬರೂ ಭೇಟಿಯಾದದ್ದು ಬರ್ಕ್ಲಿಯ ಕಪ್ಪು ವಿದ್ಯಾರ್ಥಿಗಳ ಚಳವಳಿಯ ವಲಯದಲ್ಲಿ. ಮಗಳು ಓದಿದ್ದು ಕಪ್ಪು ಜನರ ಐತಿಹಾಸಿಕ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ. 2024ರ ಜುಲೈ 31ರಂದು ಶಿಕಾಗೊದಲ್ಲಿ ಕಪ್ಪು ಪತ್ರಕರ್ತರ ಸಮಾವೇಶದಲ್ಲಿ ಟ್ರಂಪ್, ಆಕೆ ಮೊದಲು ಭಾರತೀಯಳಾಗಿದ್ದು ಈಗ ಇದ್ದಕ್ಕಿದ್ದಂತೆ ಕಪ್ಪು ಜನಾಂಗದವಳಾಗಿದ್ದಾಳೆ ಎಂಬರ್ಥದ ಮಾತಾಡಿದರು. ಒಬ್ಬ ಮನುಷ್ಯ ಒಂದೇ ಮನೆಯಲ್ಲಿ ಕೂರಬೇಕೆಂಬ 1930ರ ಗಣತಿಯ ಆಗ್ರಹವೇ ಆ ಮಾತಿನಲ್ಲಿ ಮತ್ತೆ ಕೇಳಿಸಿತು.

ಇನ್ನೊಂದು ಸಂಗತಿಯನ್ನು ನಮ್ಮ ಮಾಧ್ಯಮಗಳು ಬಹುತೇಕ ಮರೆತವು. ಬಿಳಿಯರಲ್ಲದ ಹಿನ್ನೆಲೆಯ ಮೊದಲ ಉಪಾಧ್ಯಕ್ಷರು ಹ್ಯಾರಿಸ್ ಅಲ್ಲ. 1929ರಿಂದ 1933ರವರೆಗೆ ಆ ಹುದ್ದೆಯಲ್ಲಿದ್ದ ರಿಪಬ್ಲಿಕನ್ ಚಾರ್ಲ್ಸ್ ಕರ್ಟಿಸ್, ತಾಯಿಯ ಕಡೆಯಿಂದ ಕಾ ಬುಡಕಟ್ಟಿನವರು.

ಜನ ತಮ್ಮ ಜನಾಂಗದ ಅಭ್ಯರ್ಥಿಗೇ ಮತ ಹಾಕುತ್ತಾರೆಯೇ?

ಯಾವಾಗಲೂ ಅಲ್ಲ, ಅದಕ್ಕೆ ಕರ್ನಾಟಕದೊಂದಿಗೆ ನಂಟಿರುವ ಉದಾಹರಣೆಯೇ ಇದೆ. ಡೆಟ್ರಾಯಿಟ್ ನಗರದ ನಾಲ್ವರಲ್ಲಿ ಮೂವರು ಕಪ್ಪು ಜನ. 2022ರಲ್ಲಿ ಮಿಷಿಗನ್‌ನ 13ನೇ ಕ್ಷೇತ್ರದ ಡೆಮಾಕ್ರಟಿಕ್ ಪ್ರಾಥಮಿಕ ಚುನಾವಣೆಯಲ್ಲಿ ಒಂಬತ್ತು ಮಂದಿ ನಿಂತಾಗ, ಮತಗಳು ಹಲವು ಕಪ್ಪು ಅಭ್ಯರ್ಥಿಗಳ ನಡುವೆ ಹಂಚಿಹೋಗಿ, ಬೆಳಗಾವಿಯಲ್ಲಿ ಬೆಳೆದ ಉದ್ಯಮಿ ಶ್ರೀ ಥಾಣೇದಾರ್ ಶೇ 28ರಷ್ಟು ಮತದಿಂದ ಗೆದ್ದರು. ಇದರಿಂದ ಸುಮಾರು ಎಪ್ಪತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಡೆಟ್ರಾಯಿಟ್‌ನಿಂದ ಸಂಸತ್ತಿನಲ್ಲಿ ಕಪ್ಪು ಪ್ರತಿನಿಧಿ ಇಲ್ಲದಂತಾಯಿತು, ಅದರ ಬೇಸರ ಅಲ್ಲಿ ಇನ್ನೂ ಇದೆ. ಆದರೂ 2024ರ ಪ್ರಾಥಮಿಕ ಚುನಾವಣೆಯಲ್ಲಿ ಅವರು ಅರ್ಧಕ್ಕಿಂತ ಹೆಚ್ಚು ಮತ ಪಡೆದರು. ನಮ್ಮವರು ಗೆದ್ದರೆಂದು ಸಂತೋಷಪಡುವಾಗ ಆ ಊರಿನವರ ಬೇಸರವನ್ನೂ ಅರಿತಿರುವುದು ನ್ಯಾಯ.

ಕ್ಷೇತ್ರಗಳ ಗಡಿ ಎಳೆಯುವಾಗ ಮಿಶ್ರ ಜನಾಂಗದವರನ್ನು ಹೇಗೆ ಎಣಿಸುತ್ತಾರೆ?

ಮೇಲೆ ಹೇಳಿದ 1990ರ ದಶಕದ ಆತಂಕಕ್ಕೆ ಉತ್ತರ ಇಲ್ಲಿದೆ. ನಾಗರಿಕ ಹಕ್ಕುಗಳ ಜಾರಿಯ ಉದ್ದೇಶಕ್ಕೆ, ಬಿಳಿ ಜೊತೆಗೆ ಇನ್ನೊಂದು ಜನಾಂಗವನ್ನು ಗುರುತಿಸಿದವರನ್ನು ಆ ಇನ್ನೊಂದು ಜನಾಂಗಕ್ಕೆ ಸೇರಿಸಿ ಎಣಿಸಬೇಕೆಂದು 2000ದಲ್ಲಿ ಕೇಂದ್ರ ಸರ್ಕಾರ ಸೂಚಿಸಿತು. ಸುಪ್ರೀಂ ಕೋರ್ಟ್ ಕೂಡ 2003ರಲ್ಲಿ ಜಾರ್ಜಿಯಾದ ಪ್ರಕರಣದಲ್ಲಿ ಭಾಗಶಃ ಕಪ್ಪು ಎಂದು ಗುರುತಿಸಿದವರೆಲ್ಲರನ್ನೂ ಎಣಿಕೆಗೆ ತೆಗೆದುಕೊಂಡಿತು. ಹೊರಗಿಡಲು ಹುಟ್ಟಿದ ಒಂದು ಹನಿಯ ತರ್ಕವೇ ರಕ್ಷಣೆಯ ಸಾಧನವಾಯಿತು. ನನಗೆ ಇದರಲ್ಲಿ ಸಂಕಟವೂ ಕಾಣುತ್ತದೆ, ಅನಿವಾರ್ಯತೆಯೂ ಕಾಣುತ್ತದೆ. ಅಲಬಾಮಾದ ಜನಸಂಖ್ಯೆಯಲ್ಲಿ ಕಾಲು ಪಾಲಿಗಿಂತ ಹೆಚ್ಚು ಕಪ್ಪು ಜನರಿದ್ದರೂ ಏಳು ಕ್ಷೇತ್ರಗಳಲ್ಲಿ ಒಂದರಲ್ಲಿ ಮಾತ್ರ ಅವರ ಮತಕ್ಕೆ ಬೆಲೆಯಿತ್ತು. 2023ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಪ್ಪೆಂದ ಮೇಲೆ ಗಡಿಗಳು ಬದಲಾಗಿ, 2024ರಲ್ಲಿ ಎರಡನೆಯ ಕಪ್ಪು ಪ್ರತಿನಿಧಿಯಾಗಿ ಶೊಮಾರಿ ಫಿಗರ್ಸ್ ಆಯ್ಕೆಯಾದರು.

2045ರ ವೇಳೆಗೆ ಬಿಳಿಯರು ಅಲ್ಪಸಂಖ್ಯಾತರಾಗುತ್ತಾರೆ, ಆಗ ಒಂದೇ ಪಕ್ಷ ಗೆಲ್ಲುತ್ತದೆ ಎನ್ನುತ್ತಾರಲ್ಲ?

ಆ ಮುನ್ನಂದಾಜಿನಲ್ಲಿ ಲ್ಯಾಟಿನೊ ಅಲ್ಲದ, ಬಿಳಿ ಎಂಬ ಒಂದೇ ಗುರುತಿನವರು ಮಾತ್ರ ಬಿಳಿಯರು. ಬಿಳಿ ತಂದೆ, ಜಪಾನಿ ತಾಯಿಯ ಮಗು ಅದರಲ್ಲಿ ಬಿಳಿಯರಲ್ಲದ ಕಡೆಗೆ ಸೇರುತ್ತದೆ, ನಾಳೆ ಆ ಮಗು ತನ್ನನ್ನು ಏನೆಂದು ಕರೆದುಕೊಂಡರೂ ಸರಿಯೇ. ಸ್ಟಾರ್ ಕೌಂಟಿಯ ಮತದಾರರನ್ನು ನೆನೆದರೆ ಎರಡನೆಯ ಭಾಗಕ್ಕೆ ಬೇರೆ ಉತ್ತರ ಬೇಕಿಲ್ಲ.

ಅಮೆರಿಕದಲ್ಲಿರುವ ಕನ್ನಡ ಕುಟುಂಬಗಳು ಈ ನಮೂನೆಗಳಲ್ಲಿ ಏನು ಬರೆಯಬೇಕು?

ಗಣತಿಯಲ್ಲಿ ಜನಾಂಗ ಸ್ವಯಂ ಘೋಷಣೆ. ಯಾರೂ ಪುರಾವೆ ಕೇಳುವುದಿಲ್ಲ. ಇಬ್ಬರೂ ಭಾರತೀಯ ಮೂಲದವರಾದರೆ ‘ಏಷ್ಯನ್ ಇಂಡಿಯನ್’ ಚೌಕ ಸಾಕು. ಅಪ್ಪ ಹಾಸನದವರು, ಅಮ್ಮ ಕಪ್ಪು ಅಥವಾ ಬಿಳಿ ಅಮೆರಿಕನ್ ಆಗಿದ್ದರೆ ಮಗುವಿಗೆ ಎರಡೂ ಚೌಕಗಳನ್ನು ಗುರುತಿಸಬಹುದು. ದೊಡ್ಡವರಾದ ಮೇಲೆ ಆ ಮಗು ಒಂದನ್ನೇ ಆರಿಸಿಕೊಂಡರೆ ಅದೂ ಸರಿ. ಶಾಲೆಯ ನಮೂನೆ, ಗಣತಿ, ಮತದಾರರ ನೋಂದಣಿ, ಇವು ಬೇರೆ ಬೇರೆ ದಾಖಲೆಗಳು. ಒಂದರಲ್ಲಿ ಬರೆದದ್ದು ಇನ್ನೊಂದನ್ನು ಕಟ್ಟಿಹಾಕುವುದಿಲ್ಲ.

ಇದರ ಜೊತೆಗೆ, ಪ್ರತಿ ವರ್ಷ ಸುಮಾರು 35 ಲಕ್ಷ ವಿಳಾಸಗಳಿಗೆ ಹೋಗುವ ಸಮುದಾಯ ಸಮೀಕ್ಷೆಯೊಂದಿದೆ. ಅದರಲ್ಲಿ ಮನೆಯಲ್ಲಿ ಇಂಗ್ಲಿಷ್ ಅಲ್ಲದೆ ಯಾವ ಭಾಷೆ ಆಡುತ್ತೀರಿ, ಇಂಗ್ಲಿಷ್ ಎಷ್ಟು ಚೆನ್ನಾಗಿ ಬರುತ್ತದೆ ಎಂದು ಕೇಳುತ್ತಾರೆ, ಭಾಷೆಯ ಹೆಸರು ಬರೆಯಲು ಖಾಲಿ ಜಾಗ ಬಿಟ್ಟಿರುತ್ತಾರೆ. ಯಾವ ಜಿಲ್ಲೆಯಲ್ಲಿ ಮತಪತ್ರವನ್ನು ಬೇರೆ ಭಾಷೆಯಲ್ಲೂ ಮುದ್ರಿಸಬೇಕೆಂದು ಮತದಾನದ ಹಕ್ಕುಗಳ ಕಾಯ್ದೆಯಡಿ ತೀರ್ಮಾನವಾಗುವುದು ಇದೇ ಸಮೀಕ್ಷೆಯ ಅಂಕಿಗಳಿಂದ. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಬಂಗಾಳಿಯ ಮತಪತ್ರ ಬಂದದ್ದು ಹಾಗೆ. ಆ ನಮೂನೆ ಮನೆಗೆ ಬಂದಾಗ, ಬಹಳ ಮಂದಿ ಅವಸರದಲ್ಲಿ ‘ಇಂಡಿಯನ್’ ಎಂದು ಬರೆದುಬಿಡುವ ಆ ಖಾಲಿ ಜಾಗದಲ್ಲಿ ‘ಕನ್ನಡ’ ಎಂದು ಬರೆಯಿರಿ.